ಮಾವನವರೂ ನಾನೂ ಸಂದಿ ಮುಚ್ಚಿದ್ದು

ಈಚೆಗೆ ನನಗೊಂದು ಕೆಟ್ಟ ಚಟ ಅಂಟಿಕೊಂಡಿದೆ. ಯಾರ ಮನೆಗೆ ಹೋದರೂ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವವರ ಮುಖ ನೋಡುವ ಮೊದಲು ಅವರ ಅಂಗಳ ನೋಡುತ್ತೇನೆ. ಅಂಗಳ ಅಂದರೆ ರಂಗೋಲಿಯನ್ನಲ್ಲ, ಹೂವಿನ ಕುಂಡಗಳನ್ನಲ್ಲ. ಕಾಂಕ್ರೀಟಿನ ಒಂದು ಹಾಸಿಗೂ ಇನ್ನೊಂದು ಹಾಸಿಗೂ ನಡುವೆ ಇರುತ್ತದಲ್ಲ, ಆ ಸಂದಿಯನ್ನು. ಹೋದ ತಿಂಗಳು ರೂಪನಗುಡಿಯಲ್ಲಿ ನಮ್ಮ ಸಂಬಂಧಿಕರ ಹುಡುಗನಿಗೆ ಹೆಣ್ಣು ನೋಡಲು ಹೋಗಿದ್ದೆವು. ಹಿರಿಯ ಅಂತ ನನ್ನನ್ನು ಮುಂದೆ ಬಿಟ್ಟಿದ್ದರು. ನಾನು ಗೇಟಿನೊಳಗೆ ಕಾಲಿಟ್ಟವನೇ ಕುಕ್ಕರಗಾಲಲ್ಲಿ ಕೂತು, ಮೆಟ್ಟಿಲಿಗೂ ಅಂಗಳಕ್ಕೂ ನಡುವಿನ ಬಿರುಕಿಗೆ ಬೆರಳು ತೂರಿಸಿ ಆಳ ನೋಡತೊಡಗಿದೆ. ಹೆಣ್ಣಿನ ತಂದೆ ಗಾಬರಿಯಾಗಿ, "ಏನರ ಬಿತ್ತೇನ್ರೀ?" ಎನ್ನುತ್ತ ತಾವೂ ಕೂತರು. ಅವರು ಕೂತದ್ದು ನೋಡಿ ಅವರ ತಮ್ಮಂದಿರು ಕೂತರು. ಅವರೆಲ್ಲ ಕೂತ ಮೇಲೆ ನಿಂತಿರುವುದು ಮರ್ಯಾದೆಯಲ್ಲವೆಂದು ನಮ್ಮವರೂ ಕೂತರು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬಂದಾಗ ಎರಡೂ ಕಡೆಯ ಹಿರಿಯರು ನೆಲ ತಡಕುತ್ತಿದ್ದೆವು. ಸಂಬಂಧವೇನೋ ಕುದುರಿತು. ಆದರೆ ಅವತ್ತಿನಿಂದ ನನ್ನ ಹೆಂಡತಿ ಗಿರಿಜಾ ನನ್ನನ್ನು ಯಾವ ಶುಭಕಾರ್ಯಕ್ಕೂ ಮುಂದೆ ಬಿಡುವುದಿಲ್ಲ.

ಬ್ರೂಸ್‌ಪೇಟೆಯಲ್ಲಿ ಜಿಪ್ಪು, ಗುಂಡಿ ಮಾರುವ ಮನುಷ್ಯನಿಗೆ ಕಾಂಕ್ರೀಟಿನ ಸಂದಿಯ ಗೊಡವೆ ಯಾಕೆ ಅಂತ ನೀವು ಕೇಳಬಹುದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಜಿಪ್ಪು ಪೂರೈಸುವುದು ನನ್ನ ಹೊಟ್ಟೆಪಾಡು. ಯಾವ್ಯಾವುದೋ ಊರಿನ ಯಾರ್ಯಾರದೋ ಮಾನ ನನ್ನ ಜಿಪ್ಪುಗಳ ಮೇಲೆ ನಿಂತಿದೆ ಎಂಬ ಸಣ್ಣ ಜಂಭವೂ ನನಗುಂಟು. ಅಂಥವನ ಮನೆಯ ಅಂಗಳ ಮಾತ್ರ ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಬಿದ್ದಿತ್ತು.

ನಮ್ಮ ಮನೆ ಇರುವುದು ಊರಿನ ಅಂಚಿನಲ್ಲಿ, ಎರೆ ನೆಲದ ಮೇಲೆ. ಎರೆ ಮಣ್ಣಿನ ಸ್ವಭಾವ ನಿಮಗೆ ಗೊತ್ತಲ್ಲ? ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲಿಗೆ ಮುದುಡುತ್ತದೆ, ಸಿಟ್ಟು ಬಂದ ಭಾವಮೈದುನನ ಹಾಗೆ ಒಂದು ಕಡೆ ನಿಲ್ಲುವುದಿಲ್ಲ. ಅಂಗಳಕ್ಕೆ ಕಾಂಕ್ರೀಟು ಹಾಕಿದ ಮೇಸ್ತ್ರಿ, ಬಿಸಿಲಿಗೆ ಹಿಗ್ಗಿದಾಗ ಹಾಸು ಒಡೆಯಬಾರದೆಂದು ನಡುನಡುವೆ ಸಂದಿ ಬಿಟ್ಟು, ಅದಕ್ಕೆ ಥರ್ಮಾಕೋಲು ತುಂಬಿ ಹೋಗಿದ್ದ. ಥರ್ಮಾಕೋಲನ್ನು ಇಲಿಗಳು ಒಯ್ದವು. ಆ ಮೇಲೆ ಸಂದಿಯಲ್ಲಿ ಸಂಸಾರಗಳು ಶುರುವಾದವು. ಇರುವೆ ಬಂದವು, ಒಂದು ಕಪ್ಪೆ ಬಂತು, ತುಳಸಿಯ ಸಸಿಗಳೆದ್ದವು. ಗಿರಿಜಾಳ ಹೇರ್‌ಪಿನ್ನುಗಳು, ನನ್ನ ಜೇಬಿನಿಂದ ಉದುರಿದ ಜಿಪ್ಪಿನ ಚೂರುಗಳು ಎಲ್ಲ ಅಲ್ಲಿಗೇ ಸೇರಿದವು. ಮಳೆಗಾಲದಲ್ಲಿ ನೀರು ಅದೇ ದಾರಿಯಿಂದ ಇಳಿದು ಮನೆಯ ಬುಡಕ್ಕೆ ಹೋಗಿ, ನಮ್ಮ ಮಲಗುವ ಕೋಣೆಯ ಗೋಡೆಯ ಮೇಲೆ ದಿನಕ್ಕೊಂದು ದೇಶದ ನಕಾಶೆ ಬರೆಯುತ್ತಿತ್ತು.

ಸಂದಿ ಮುಚ್ಚುವ ಕೆಲಸ ನನಗೆ ಹೊಸದೇನಲ್ಲ. ನಾನು ಬೆಳೆದದ್ದು ಕುರುಗೋಡಿನಲ್ಲಿ, ಕಲ್ಲು ಚಪ್ಪಡಿ ಹಾಸಿದ ಅಂಗಳದ ಮನೆಯಲ್ಲಿ. ಮಳೆಗಾಲಕ್ಕೆ ಮುಂಚೆ ನಮ್ಮಜ್ಜಿ ಮಣ್ಣು, ಸೆಗಣಿ, ಹೊಟ್ಟು ಕಲಸಿ ಮೊಮ್ಮಕ್ಕಳಿಗೆಲ್ಲ ಒಂದೊಂದು ಸಂದಿ ಹಂಚಿಕೊಡುತ್ತಿದ್ದಳು. ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಬೇಕು. ಒಣಗಿದ ಮೇಲೆ ಅಜ್ಜಿ ಚೊಂಬಿನಿಂದ ನೀರು ಸುರಿದು ನೋಡುವಳು. ನೀರು ಇಳಿಯದಿದ್ದರೆ ಒಂದು ಉಂಡೆ ಬೆಲ್ಲ. ನನ್ನ ಸಂದಿಯಲ್ಲಿ ನೀರು ನಿಂತ ಚರಿತ್ರೆಯೇ ಇಲ್ಲ. ಒಂದು ಸಲ ನಾನು ನನ್ನ ಸಂದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಏಳಲು ಒಪ್ಪದೆ, ಚಡ್ಡಿಯೆಲ್ಲ ತೋಯಿಸಿಕೊಂಡು ಬೆಲ್ಲ ಗಿಟ್ಟಿಸಿದೆ. ಅದೇ ಅಂಗಳದ ಒಂದು ಸಂದಿಯಲ್ಲಿ ನನ್ನ ತಮ್ಮನ ಹಾಲುಹಲ್ಲು ಬಿದ್ದುಹೋಗಿ, ಇನ್ನು ಚಪ್ಪಡಿಗೆ ಹಲ್ಲು ಬರುತ್ತದೆ, ಅದು ನಮ್ಮನ್ನು ಕಚ್ಚುತ್ತದೆ ಎಂದು ಅವನು ಒಂದು ವಾರ ಅಂಗಳಕ್ಕೆ ಇಳಿಯಲೇ ಇಲ್ಲ. ಅಜ್ಜಿ ಅವನಿಗೆ ಜಗಲಿಯ ಮೇಲೇ ಸ್ನಾನ ಮಾಡಿಸುತ್ತಿದ್ದಳು.

ಇರಲಿ, ವಿಷಯಕ್ಕೆ ಬರುತ್ತೇನೆ. ವಿಷಯ ಎಂದರೆ ನನ್ನ ಮಾವ, ಅಂದರೆ ಗಿರಿಜಾಳ ತಂದೆ.

ಸಿದ್ದಲಿಂಗಪ್ಪ ಮಾಸ್ತರು ಸಿರುಗುಪ್ಪದ ಸಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ನಿವೃತ್ತಿಯಾಗಿ ಬಹಳ ಕಾಲ ಕಳೆದಿದ್ದರೂ ಕೊರಳಿನ ಸೀಟಿ ಮಾತ್ರ ನಿವೃತ್ತಿಯಾಗಿರಲಿಲ್ಲ. ಅವರಿಗೂ ನನಗೂ ಬಹಳ ವರ್ಷಗಳಿಂದ ಮಾತು ಬಿಟ್ಟಿತ್ತು. ಆಸ್ತಿ, ವರದಕ್ಷಿಣೆ ಅಂತೆಲ್ಲ ಯೋಚಿಸಬೇಡಿ. ಕಾರಣ ಒಂದು ಕಿಟಕಿ. ಒಮ್ಮೆ ಕುರುಗೋಡಿನ ಬಸವೇಶ್ವರನ ದರ್ಶನ ಮುಗಿಸಿ ಬಸ್ಸಿನಲ್ಲಿ ಬಳ್ಳಾರಿಗೆ ಬರುತ್ತಿದ್ದೆವು. ಧೂಳು ಬರುತ್ತದೆ, ಕಿಟಕಿ ಮುಚ್ಚು ಎಂದರು ಅವರು. ಸೆಕೆ, ತೆರೆದಿರಲಿ ಎಂದೆ ನಾನು. ಮುಚ್ಚು, ತೆರೆ, ಮುಚ್ಚು, ತೆರೆ ಎಂದು ಜಗ್ಗಾಡುತ್ತಿದ್ದಾಗ ಕಂಡಕ್ಟರು ಬಂದು, ಇಬ್ಬರನ್ನೂ ನೋಡಿ, ಕಿಟಕಿಯನ್ನು ಸರಿಯಾಗಿ ಅರ್ಧಕ್ಕೆ ನಿಲ್ಲಿಸಿ ಹೋದ. ಆ ಅರ್ಧ ಕಿಟಕಿಯಿಂದ ಅವರಿಗೆ ಧೂಳೂ ಬಂತು, ನನಗೆ ಸೆಕೆಯೂ ಆಯಿತು. ಇಬ್ಬರಿಗೂ ಅವಮಾನವಾಯಿತು. ಬಸ್ಸಿಳಿದ ಮೇಲೆ ಅವರು ನನ್ನೊಡನೆ ಮಾತಾಡಲಿಲ್ಲ, ನಾನು ಅವರೊಡನೆ ಮಾತಾಡಲಿಲ್ಲ. ಅಷ್ಟೇ. ಮದುವೆ ಮುಂಜಿಗಳಲ್ಲಿ ಪಕ್ಕಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದೆವು. "ಗಿರಿಜಾ, ನಿನ್ನ ಗಂಡಗ ಹೇಳು, ಅಂವ ಉಪ್ಪಿನಕಾಯಿ ಮ್ಯಾಲ ಮೊಣಕೈ ಇಟ್ಟಾನ" ಎಂದು ಅವರು ಹೇಳಿದರೆ, ಗಿರಿಜಾ ಅಡಿಗೆಮನೆಯಿಂದ ಬಂದು ಅದನ್ನು ನನಗೆ ಹೇಳುವವರೆಗೂ ನಾನು ಮೊಣಕೈ ಎತ್ತುತ್ತಿರಲಿಲ್ಲ.

ಈ ಬೇಸಗೆ ಕಳೆಯುವ ಹೊತ್ತಿಗೆ ಮಾವನವರ ಎರಡೂ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣಿಗಾದರೂ ಬೇಗ ಆಪರೇಷನ್ ಆಗಬೇಕೆಂದು ಬಳ್ಳಾರಿಯ ಡಾಕ್ಟರು ಹೇಳಿದರು. ಗಿರಿಜಾ ಸಿರುಗುಪ್ಪಕ್ಕೆ ಹೋಗಿ ಅವರನ್ನು ನಮ್ಮ ಮನೆಗೆ ಕರೆತಂದಳು. ತಂದು ಇಳಿಸಿದ ಮಾರನೆಯ ದಿನವೇ ಕುರುಗೋಡಿನಿಂದ ಫೋನು ಬಂತು. ಅಲ್ಲಿ ಸಂಸಾರ ಮಾಡಿಕೊಂಡಿರುವ ಅವಳ ತಂಗಿ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಿದ್ದಳು. ಗಿರಿಜಾ ಬಟ್ಟೆ ತುಂಬಿದ ಚೀಲ ಹಿಡಿದು ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದಳು.

"ಇಬ್ರೂ ಮಾತಾಡ್ರಿ ಅಂತ ನಾ ಹೇಳಂಗಿಲ್ಲ" ಎಂದಳು. "ನಾ ಬರೋತನಕ ಸಾಯದಂಗ ಇರ್ರಿ, ಅಷ್ಟ ಸಾಕು."

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಅಂಗಳದಿಂದ ಸೀಟಿ ಕೇಳಿತು. ಓಡಿ ಬಂದೆ. ಮಾವನವರು ನಡುವಂಗಳದಲ್ಲಿ ಕೋಲು ಹಿಡಿದು ಸೆಟೆದು ನಿಂತಿದ್ದಾರೆ. ಕೋಲಿನ ತುದಿ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಎಳೆದರೆ ಬರುತ್ತಿಲ್ಲ. ಬಿಟ್ಟು ಬರಲು ಕಣ್ಣು ಕಾಣುತ್ತಿಲ್ಲ. ನನ್ನ ಹೆಜ್ಜೆ ಸಪ್ಪಳ ಕೇಳಿ ಮತ್ತೊಮ್ಮೆ ಸೀಟಿ ಊದಿದರು. ಬಾ ಅಂತಲೋ, ನಿಲ್ಲು ಅಂತಲೋ ನನಗೆ ತಿಳಿಯಲಿಲ್ಲ. ಬ್ರಷ್ಷು ಬಾಯಲ್ಲಿಟ್ಟುಕೊಂಡು ನಿಂತೆ.

ನಮ್ಮ ಪುಣ್ಯಕ್ಕೆ ಗೋಡೆಯಾಚೆ ರಹಮತ್‌ಬಿ ಇದ್ದರು. ಅವರದು ಗಾದಿ ಹೊಲಿಯುವ ಮನೆತನ. ಮಕ್ಕಳು ಬ್ರೂಸ್‌ಪೇಟೆಯಲ್ಲಿ ಅಂಗಡಿ ನೋಡಿಕೊಂಡರೆ, ಇವರು ಮನೆಯ ಬೇವಿನ ಮರದಡಿ ಎತ್ತರದ ಕಟ್ಟೆಯ ಮೇಲೆ ಕೂತು ದಿನವಿಡೀ ದಿಂಬಿಗೆ ಹತ್ತಿ ತುಂಬುತ್ತಾರೆ. ನಡುವಿನ ಗೋಡೆ ಗಿಡ್ಡ. ಆ ಕಟ್ಟೆಯಿಂದ ನಮ್ಮ ಅಂಗಳ ಬಾಲ್ಕನಿಯಿಂದ ಸಿನೆಮಾ ಕಂಡ ಹಾಗೆ ಪೂರ್ತಿ ಕಾಣುತ್ತದೆ.

"ಏನ್ರೀ ಮಾಸ್ತರ, ಮುಂಜಾನೆದ್ದು ಸೀಟಿ ಯಾಕ ಊದಾಕತ್ತೀರಿ?"

"ಕೋಲು ಸಿಗಬಿದ್ದೈತಮ್ಮಾ. ಅಲ್ಲಿ ನಿಂತಾನಲ್ಲ, ಅವಗ ಕೇಳು, ಇದು ಮನಿಯೋ ಇಲಿ ಹಿಡಿಯೋ ಬೋನೋ ಅಂತ."

ಮಾವನವರು ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ನಾನು ನಿಂತಿದ್ದೆ. ಒಂದಕ್ಷರ ಬಿಡದೆ ಕೇಳಿಸಿತ್ತು. ಆದರೂ ಕೇಳದವನ ಹಾಗೆ ರಹಮತ್‌ಬಿಯವರ ಕಡೆ ತಿರುಗಿದೆ. ಅವರು ಹತ್ತಿಯ ಎಳೆ ಕೊಡವಿಕೊಂಡು ಗಂಭೀರವಾಗಿ ಹೇಳಿದರು:

"ಈರಣ್ಣಾ, ನಿಮ್ಮ ಮಾವನೋರು ಅಂತಾರ, ಮನಿ ಬಾಳ ಚೆಂದ ಐತಿ, ಸಂದಿ ಅಷ್ಟ ಜರಾ ಅಗಲಾತು ಅಂತ."

ನಾನು ಬಾಯಿಯ ನೊರೆ ಉಗಿದು ಹೇಳಿದೆ: "ಅವ್ರಿಗೆ ಹೇಳ್ರಿ, ಕೋಲು ನೋಡಿ ಊರಬೇಕು ಅಂತ. ನನ್ನ ಸಂದಿ ಯಾರನ್ನೂ ಕೈ ಹಿಡದು ಕರದಿಲ್ಲ."

"ಮಾಸ್ತರ, ಅಳಿಯ ಅಂತಾನ, ನಿಮಗ ಪೆಟ್ಟಾಗಿಲ್ಲಲ್ಲಾ, ಅವನ ಜೀವ ಝಲ್ಲಂತು ಅಂತ."

ಮಾವನವರು ಗಂಟಲು ಸರಿಮಾಡಿಕೊಂಡರು. ನಾನು ಹೇಳಿದ್ದು ಅವರಿಗೂ ಚೆನ್ನಾಗಿ ಕೇಳಿಸಿತ್ತು. ಆದರೂ ಸ್ವಲ್ಪ ಮೆತ್ತಗಾಗಿ, "ಪೆಟ್ಟಾಗಿಲ್ಲ ಅಂತ ಹೇಳಮ್ಮಾ" ಎಂದರು.

ಹೀಗೆ ನಮ್ಮಲ್ಲೊಂದು ಪದ್ಧತಿ ಬೆಳೆಯಿತು. ಇಬ್ಬರೂ ಕನ್ನಡದಲ್ಲಿ ಬಯ್ಯುವುದು, ರಹಮತ್‌ಬಿ ಅದನ್ನು ಕನ್ನಡದಿಂದ ಕನ್ನಡಕ್ಕೆ ತರ್ಜುಮೆ ಮಾಡುವುದು. ಮೂಲ ಏನೇ ಇರಲಿ, ತರ್ಜುಮೆಗೆ ಮಾತ್ರ ಉತ್ತರ ಕೊಡಬೇಕು. ಕೋಲನ್ನು ನಾನು ಎಳೆದು ತೆಗೆದೆ. ತುದಿಯ ರಬ್ಬರು ಬೂಟು ಸಂದಿಯಲ್ಲೇ ಉಳಿಯಿತು.

ಅವತ್ತು ಫೋನಿನಲ್ಲಿ ಈ ಕಥೆ ಕೇಳಿ ಗಿರಿಜಾ ಗಾಬರಿಯಾದಳು. "ಗುರುವಾರ ಆಪರೇಷನ್ ಐತಿ. ಆಮ್ಯಾಲ ಎಡವಬಾರದು, ತಲಿ ಬಗ್ಗಿಸಬಾರದು, ಬಿದ್ದರ ಕಣ್ಣ ಹೋಗತೈತಿ ಅಂತ ಡಾಕ್ಟರು ಹೇಳ್ಯಾರ. ಅಷ್ಟರಾಗ ಆ ಹಾಳು ಸಂದಿ ಮುಚ್ಚಿಸ್ರಿ. ಅಪ್ಪ ಬಿದ್ದರ ನಾ ಇಲ್ಲಿಂದ ತಿರುಗಿ ಬರಂಗಿಲ್ಲ ನೋಡ್ರಿ."

ಆ ಮಾತಿಗೆ ನಾನೂ ಹೆದರಿದೆ. ಮಾತು ಬಿಟ್ಟಿದ್ದೆನೇ ಹೊರತು ಮಾವನವರ ಕಣ್ಣು ಹೋಗಲಿ ಎಂದು ನಾನೇನು ಬಯಸಿದ್ದೆನೆ? ಗೊತ್ತಿದ್ದ ಗೌಂಡಿಗಳಿಗೆಲ್ಲ ಫೋನು ಮಾಡಿದೆ. ಇಷ್ಟು ಸಣ್ಣ ಕೆಲಸಕ್ಕೆ ಬರಲು ಯಾರೂ ತಯಾರಿರಲಿಲ್ಲ. ಕೊನೆಗೆ ಬ್ರೂಸ್‌ಪೇಟೆಯಲ್ಲಿ ನನ್ನ ಅಂಗಡಿಯ ಹಿಂದಿನ ಓಣಿಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯವನು ಫೋಮಿನ ಹಗ್ಗ, ಅಂಟುಪಟ್ಟಿ, ಬೂದು ಬಣ್ಣದ ಅಂಟು ತುಂಬಿದ ಕೊಳವೆಗಳು, ಆ ಅಂಟನ್ನು ಒತ್ತಿ ಬಿಡುವ ಒಂದು ಗನ್ನು, ಇಷ್ಟನ್ನು ಮುಂದಿಟ್ಟ.

"ಸಂದಿ ಕೆರದು ಕಿಲೀನ್ ಮಾಡು ಅಣ್ಣಾ. ಒಳಗ ಹಗ್ಗ ತುರುಕು. ಎರಡೂ ಕಡಿ ಪಟ್ಟಿ ಹಚ್ಚು. ನಡುವ ಗನ್ನು ಹೊಡಿ. ಚಮಚ ಎದ್ದಿ ಸವರು. ಪಟ್ಟಿ ಕಿತ್ತು ಹಾಕು. ಮರುದಿನದ ತನಕ ಮುಟ್ಟಬ್ಯಾಡ. ಅಂತೇ, ಮುಗೀತು! ಇದು ರಬ್ಬರಿನಂಗ ಜಗ್ಗತೈತಿ, ಕುಗ್ಗತೈತಿ, ಬಿಡಂಗಿಲ್ಲ."

ಆ ಗನ್ನು ನನ್ನ ಸ್ಕೂಟರಿನ ಚೀಲದಿಂದ ಮೂತಿ ಹೊರಹಾಕಿಕೊಂಡಿತ್ತು. ಅವತ್ತು ಟ್ರಾಫಿಕ್ಕಿನಲ್ಲಿ ಎಲ್ಲರೂ ನನಗೆ ದಾರಿ ಬಿಟ್ಟರು. ಬದುಕಿನಲ್ಲಿ ಮೊದಲ ಸಲ.

ಮನೆಗೆ ಬಂದರೆ ಮಾವನವರ ತಕರಾರು ಕಾದಿತ್ತು. ಅವರಿಗೆ ಸಂದಿ ಮುಚ್ಚುವುದೆಂದರೆ ಸಿಮೆಂಟು. ಗನ್ನನ್ನು ಕೈಯಿಂದ ತಡವಿ ನೋಡಿ, ರಹಮತ್‌ಬಿಯವರತ್ತ ಮುಖ ಮಾಡಿ, "ಅವಗ ಹೇಳಮ್ಮಾ, ಇದು ಹಲ್ಲಿಗೆ ಹಚ್ಚೋ ಪೇಸ್ಟು. ಅಂಗಳಕ್ಕ ಸಿಮೆಂಟು ಬೇಕು" ಎಂದರು.

"ಸಿಮೆಂಟು ಬಿಸಿಲಿಗೆ ಸೀಳತೈತಿ ಅಂತ ಹೇಳ್ರಿ. ಡ್ರಿಲ್ ಹೊಡಸಿದಂಗಲ್ಲ ಇದು."

ರಹಮತ್‌ಬಿ ಎರಡನ್ನೂ ತರ್ಜುಮೆ ಮಾಡುವ ಗೋಜಿಗೆ ಹೋಗದೆ, ಕೈಯಲ್ಲಿದ್ದ ದಿಂಬನ್ನು ಗುದ್ದಿ ತೋರಿಸಿ ತಾವೇ ತೀರ್ಪು ಕೊಟ್ಟರು: "ಮೆತ್ತಂದ ಹಾಕ್ರಿ. ಗಟ್ಟಿ ದಿಂಬಿನ ಮ್ಯಾಲ ಯಾರರ ಮಲಗ್ತಾರೇನು?" ಇದಕ್ಕೂ ಕಾಂಕ್ರೀಟಿಗೂ ಏನು ಸಂಬಂಧವೆಂದು ಇಬ್ಬರಿಗೂ ಹೊಳೆಯಲಿಲ್ಲ. ಆದರೆ ಇಬ್ಬರೂ ಒಪ್ಪಿದೆವು.

ಬುಧವಾರ ಬೆಳಿಗ್ಗೆ ಕೆಲಸ ಶುರುವಾಯಿತು. ನಾನು ಸ್ಕ್ರೂಡ್ರೈವರಿನಿಂದ ಸಂದಿ ಕೆರೆಯುತ್ತ ಹೋದೆ. ಮಣ್ಣು, ಬೇರು, ಹೇರ್‌ಪಿನ್ನು, ಕಡಲೆಕಾಯಿ ಸಿಪ್ಪೆ, ಮಾವನವರ ರಬ್ಬರು ಬೂಟು ಒಂದೊಂದಾಗಿ ಹೊರಬಂದವು. ಕಪ್ಪೆಯನ್ನು ಮೊರದಲ್ಲಿ ಹೊತ್ತು ಹಿತ್ತಲಿಗೆ ಬಿಟ್ಟುಬಂದೆ. ಮಾವನವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸೀಟಿ ಊದುತ್ತಿದ್ದರು. ಅವರ ಸೀಟಿಯ ಭಾಷೆ ನನಗೆ ಬೇಗ ಅರ್ಥವಾಯಿತು. ಗಿಡ್ಡ ಸೀಟಿ ಅಂದರೆ ಮುಂದೆ ಹೋಗು, ಉದ್ದ ಸೀಟಿ ಅಂದರೆ ನಿಲ್ಲು. ತೊಂದರೆ ಬಂದದ್ದು ರಹಮತ್‌ಬಿಯವರ ಅಡಿಗೆಮನೆಯಿಂದ. ಅವರ ಕುಕ್ಕರು ಉದ್ದ ಸೀಟಿ ಹೊಡೆದಾಗಲೆಲ್ಲ ನಾನು ಕೈ ನಿಲ್ಲಿಸಿ ಕಾಯುತ್ತಿದ್ದೆ. ನಾನು ಯಾಕೆ ನಿಂತೆನೆಂದು ತಿಳಿಯದೆ ಮಾವನವರು ಗಿಡ್ಡ ಸೀಟಿ ಊದುವರು. ಆಗ ಕುಕ್ಕರು ಮತ್ತೆ ಉದ್ದ ಸೀಟಿ ಹೊಡೆಯುವುದು. ಬೇಳೆ ಬೇಯುವವರೆಗೆ ನಾನು ಸ್ಕ್ರೂಡ್ರೈವರು ಎತ್ತಿ ಇಳಿಸಿ, ಎತ್ತಿ ಇಳಿಸಿ, ನಿಂತಲ್ಲೇ ಕವಾಯತು ಮಾಡಿದೆ.

ಹಗ್ಗ ತುರುಕಿದ್ದಾಯಿತು. ಇನ್ನು ಅಂಟುಪಟ್ಟಿ ಹಚ್ಚಬೇಕು. ಅಷ್ಟರಲ್ಲಿ ರಹಮತ್‌ಬಿ, ಯಾರದೋ ಮದುವೆ ಮನೆಗೆ ಗಾದಿ, ದಿಂಬು ಒಪ್ಪಿಸಿ ಬರಬೇಕೆಂದು ಬುರ್ಖಾ ಹಾಕಿಕೊಂಡು ಹೊರಟರು. "ಜಗಳ ಆಡಬ್ಯಾಡ್ರಿ" ಎಂದು ಹೇಳಿಹೋದರು. ನಮಗೆ ನಗು ಬಂತು. ಅವರಿಲ್ಲದೆ ನಾವು ಜಗಳವಾಡುವುದಾದರೂ ಹೇಗೆ?

ಮಾವನವರು ಎದ್ದರು. ಜೇಬಿನಿಂದ ಸೀಮೆಸುಣ್ಣ ತೆಗೆದರು. ವರ್ಷಗಟ್ಟಲೆ ಕಬಡ್ಡಿ ಅಂಕಣಕ್ಕೆ ಗೆರೆ ಎಳೆದ ಕೈ. ಸಂದಿಯ ಎರಡೂ ಬದಿಗೆ, ಪಟ್ಟಿ ಎಲ್ಲಿ ಹಚ್ಚಬೇಕೆಂದು ನನಗೆ ತೋರಿಸಲು, ಬಗ್ಗಿ ಗೆರೆ ಎಳೆಯುತ್ತ ಹೋದರು. ಪೊರೆ ಬಂದ ಕಣ್ಣು. ಸಂದಿ ಬಡಗಣಕ್ಕೆ ಹೋದರೆ ಗೆರೆ ಮೂಡಲಕ್ಕೆ ಹೋಗುತ್ತಿತ್ತು. ಮತ್ತೆ ನೆನಪಾದವರ ಹಾಗೆ ಸಂದಿಯ ಹತ್ತಿರ ಬಂದು, ಅಲ್ಲಿ ನಿಲ್ಲದೆ ಆ ಕಡೆಗೆ ಹೊರಳುತ್ತಿತ್ತು. ಕೂಗಿ ಹೇಳೋಣವೆಂದರೆ ಮಾತಿಲ್ಲ. ಹೇಳಿಸೋಣವೆಂದರೆ ರಹಮತ್‌ಬಿ ಇಲ್ಲ. ಸೀಟಿ ಊದೋಣವೆಂದರೆ ಅದು ಅವರ ಕೊರಳಲ್ಲಿದೆ. ಅವರು ಬೆವರೊರೆಸಿಕೊಂಡು ತೃಪ್ತಿಯಿಂದ ಕುರ್ಚಿಗೆ ಮರಳಿದರು. ನಾನು ಅವರ ಗೆರೆಯ ಮೇಲೆಯೇ ಪಟ್ಟಿ ಹಚ್ಚಿದೆ. ಗೆರೆ ಸಂದಿ ಬಿಟ್ಟು ಹೋದಲ್ಲಿ ಸಂದಿಯನ್ನೂ ಸೇರಿಸಿ ಗನ್ನು ಒತ್ತಿದೆ. ಅಂಟು ಬೂದುಬಣ್ಣದ ಶಾವಿಗೆಯ ಹಾಗೆ ಇಳಿಯಿತು. ಗಿರಿಜಾಳ ಒಳ್ಳೆಯ ಚಮಚವನ್ನು ಸೋಪಿನ ನೀರಿಗೆ ಅದ್ದಿ ಸವರಿದೆ. ನನಗೇ ಆಶ್ಚರ್ಯವಾಗುವಷ್ಟು ಸಂತೋಷವಾಯಿತು.

ಕೊನೆಯ ಸಂದಿ ಮೆಟ್ಟಿಲ ಹತ್ತಿರದ್ದು. ಗೆರೆ ಎಳೆಯುವಾಗ ಕೈಗೆ ಅಡ್ಡಬರಬಾರದೆಂದು ಮಾವನವರು ತಮ್ಮ ಕೋಲನ್ನು ಅದರಲ್ಲಿ ನೆಟ್ಟಗೆ ಊರಿದ್ದರು. ನಾನು ಗನ್ನು ಒತ್ತುತ್ತ ಒತ್ತುತ್ತ ಕೋಲಿನ ಬುಡಕ್ಕೆ ಬಂದೆ. ನಿಂತೆ. ಕೋಲು ಅವರದು, ತೆಗೆಯಬೇಕಾದವರು ಅವರು. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅವರ ಲೆಕ್ಕದಲ್ಲಿ, ಅಡ್ಡವಿದ್ದರೆ ಕೇಳಬೇಕಾದವನು ನಾನು. ನಾನು ಕೆಮ್ಮಿದೆ. ಅವರೂ ಕೆಮ್ಮಿದರು. ಕೊಳವೆಯ ಮೂತಿಯಿಂದ ಅಂಟು ತಾನಾಗಿಯೇ ಸುರಿಯುತ್ತಿತ್ತು. ಕಾಯುವಂತಿರಲಿಲ್ಲ. ಕೋಲಿನ ಸುತ್ತ ದುಂಡಗೆ ಅಂಟು ಹಾಕಿ, ಚಮಚದಿಂದ ಚೆಂದಗೆ ಸವರಿ ಮುಂದೆ ಹೋದೆ. ಅವರು ಏನೂ ಆಗದವರ ಹಾಗೆ ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಗುರುವಾರ ಬೆಳಿಗ್ಗೆ ಕೋಲು ಅಂಗಳದಲ್ಲಿ ಭದ್ರವಾಗಿ ನಿಂತಿತ್ತು. ಅಂಗಡಿಯವನು ಹೇಳಿದ್ದು ನಿಜ. ಅದು ಜಗ್ಗುತ್ತಿತ್ತು, ಕುಗ್ಗುತ್ತಿತ್ತು, ಬಿಡುತ್ತಿರಲಿಲ್ಲ. ರಹಮತ್‌ಬಿ ಗೋಡೆಯ ಹತ್ತಿರ ಬಂದು ಕಣ್ಣರಳಿಸಿದರು.

"ಯಾ ಅಲ್ಲಾ! ಮಾಸ್ತರ ಕೋಲು ಯಾಕ ನಟ್ಟೀರಿ? ಚಿಗೀತೈತೇನು?"

"ಅವಗ ಕೇಳಮ್ಮಾ, ಯಾಕ ಕಿತ್ತು ಕೊಡಲಿಲ್ಲ ಅಂತ."

"ಅವ್ರಿಗೇ ಕೇಳ್ರಿ, ಯಾಕ ತಗೊಳ್ಳಿಲ್ಲ ಅಂತ."

ರಹಮತ್‌ಬಿ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು, ಒಮ್ಮೆ ಕೋಲನ್ನು ನೋಡಿದರು. "ಇದು ನನ್ನ ಕೈಲಿ ಆಗಂಗಿಲ್ಲಪ್ಪಾ" ಎಂದರು. "ಆಟೋ ಬಂದು ನಿಂತೈತಿ. ಮಾಸ್ತರ, ಅಳಿಯನ ಹೆಗಲ ಹಿಡೀರಿ. ಈರಣ್ಣಾ, ಹೆಗಲ ಕೊಡು. ಇನ್ನೇನೂ ಮಾತಾಡಬ್ಯಾಡ್ರಿ."

ನಾನು ಹೋಗಿ ಮುಂದೆ ನಿಂತೆ. ಮಾವನವರು ಗಾಳಿಯಲ್ಲಿ ತಡಕಿ ನನ್ನ ಹೆಗಲು ಹಿಡಿದರು. ಇಡೀ ಸಾಲೆಯನ್ನು ಒಂದು ಸೀಟಿಗೆ ನಿಲ್ಲಿಸುತ್ತಿದ್ದವರು ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೆಜ್ಜೆ ಎಣಿಸುತ್ತ ಬಂದರು. ಹೊಸ ಸಂದಿಗಳನ್ನು ದಾಟುವಾಗ ನಾನು ಬೇಕೆಂದೇ ನಿಧಾನವಾಗಿ ನಡೆದೆ.

ಆಟೋದಲ್ಲಿ ಒಂದೇ ಸೀಟಿನಲ್ಲಿ ಕೂತೆವು. ಸ್ವಲ್ಪ ದೂರ ಹೋದ ಮೇಲೆ ಮಾವನವರು ಮುಂದಕ್ಕೆ ಬಾಗಿ ಹೇಳಿದರು: "ಡ್ರೈವರಾ, ಅವಗ ಕೇಳು, ಆಪರೇಷನ್ ಆದ ಮ್ಯಾಲೂ ಕಾಣಲಿಲ್ಲಂದ್ರ ಏನ ಮಾಡೋದು ಅಂತ."

"ಯಾರಿಗ್ರೀ?" ಎಂದ ಡ್ರೈವರು.

"ಡ್ರೈವರಣ್ಣಾ, ಕಾಣತೈತಿ ಅಂತ ಹೇಳು. ನಾ ಖುದ್ದು ಡಾಕ್ಟರ ಕೂಡ ಮಾತಾಡೀನಿ, ಏನೂ ಹೆದರಬ್ಯಾಡ್ರಿ ಅಂದಾರ ಅಂತ ಹೇಳು."

"ಯಾರಿಗೆ ಹೇಳ್ಲಿ?" ಡ್ರೈವರು ಕನ್ನಡಿಯಲ್ಲಿ ನಮ್ಮನ್ನು ನೋಡಿದ. "ಇಬ್ರೂ ಬಾಜೂಬಾಜೂ ಕುಂತೀರಲ್ರೀ!"

"ನೀ ಹೇಳಪಾ" ಎಂದರು ಮಾವನವರು, ಬೇಡುವವರ ಹಾಗೆ.

"ಕಾಣತೈತಂತ್ರೀ ಅಜ್ಜಾರ" ಎಂದ ಅವನು ಹೆದರಿ. ಮಾವನವರು ಹಿಂದಕ್ಕೊರಗಿ ಉಸಿರು ಬಿಟ್ಟರು. ಆಸ್ಪತ್ರೆ ಬರುವವರೆಗೆ ಡ್ರೈವರು ಆಟೋವನ್ನು ವಿಮಾನದ ಹಾಗೆ ಓಡಿಸಿದ.

ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಬೆಂಚಿನ ಮೇಲೆ ಕೂತೆ. ಏನು ಮಾಡಿದರೂ ಮನಸ್ಸು ನಿಲ್ಲಲಿಲ್ಲ. ಅವರು ಸೀಟಿಯನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟು ಹೋಗಿದ್ದರು, ಯಾರ ಮುಖಾಂತರವೂ ಅಲ್ಲದೆ. ಗಿರಿಜಾ ಫೋನು ಮಾಡಿ, "ಅಪ್ಪ ಹೆದರ್ಯಾನೇನು? ಏನಂದ?" ಎಂದು ಕೇಳಿದಳು. "ಡ್ರೈವರಿನ ಹತ್ರ ಏನೋ ಅಂದ್ರು" ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಫೋನು ಇಟ್ಟಳು. ಆಪರೇಷನ್ ಚೆನ್ನಾಗಿ ಆಯಿತು ಎಂದು ನರ್ಸು ಬಂದು ಹೇಳಿದಾಗ ನಾನು ಖುಷಿಗೆ ಅರಿವಿಲ್ಲದೆ ಒಂದು ಗಿಡ್ಡ ಸೀಟಿ ಊದಿಬಿಟ್ಟೆ. ಬೈಸಿಕೊಂಡೆ.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಮಾವನವರು ಮಧ್ಯಾಹ್ನ ಮಲಗಿದರು. ಆ ಹೊತ್ತಿನಲ್ಲಿ ನಾನು ಚಾಕುವಿನಿಂದ ಕೋಲಿನ ಬುಡ ಕೊರೆದು, ಅದನ್ನು ಬಿಡಿಸಿ, ತೊಳೆದು, ಅವರ ಮಂಚಕ್ಕೆ ಒರಗಿಸಿಟ್ಟೆ. ಉಳಿದ ತೂತಿಗೆ ಮತ್ತೆ ಅಂಟು ತುಂಬಿದೆ. ಎದ್ದವರು ಕೋಲು ತಡವಿ ನೋಡಿ, ಅದನ್ನೂರಿಕೊಂಡು ಬಚ್ಚಲಿಗೆ ಹೋದರು. ಇನ್ನು ಮುಂದೆಯೂ ಮಾತಿಲ್ಲದೆ ಹೀಗೇ ಇರುತ್ತದೆ ಅಂದುಕೊಂಡೆ.

ಮರುದಿನ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿ ಕರಿ ಕನ್ನಡಕ ಕೊಟ್ಟರು. ಹಿಂದಿರುಗಿ ಬಂದು ಗೇಟಿನೊಳಗೆ ಕಾಲಿಟ್ಟ ಮಾವನವರು ನನ್ನ ಹೆಗಲು ಬಿಟ್ಟು ನಿಂತರು. ಕನ್ನಡಕ ಸ್ವಲ್ಪ ಎತ್ತಿ ಬೇವಿನ ಮರ ನೋಡಿದರು. ಒಂದೊಂದೇ ಎಲೆ ಕಾಣುತ್ತಿರಬೇಕು, ಬಹಳ ಹೊತ್ತು ನೋಡಿದರು. ಕಟ್ಟೆಯ ಮೇಲೆ ಕೂತಿದ್ದ ರಹಮತ್‌ಬಿಯವರನ್ನು ನೋಡಿ, ಇಷ್ಟು ದಿನ ದನಿ ಮಾತ್ರವಾಗಿದ್ದವರಿಗೆ ಮುಖ ಬಂದದ್ದಕ್ಕೆ ಕೈ ಮುಗಿದರು. ಆಮೇಲೆ ಕಣ್ಣು ಅಂಗಳದ ಮೇಲೆ ಇಳಿಯಿತು.

ಸಂದಿ ನೇರವಾಗಿತ್ತು. ಅದರ ಮೇಲಿನ ನಮ್ಮ ಅಂಟು ಮಾತ್ರ, ನಡೆಯುತ್ತಾ ಎತ್ತು ಉಚ್ಚೆ ಹೊಯ್ದ ಹಾಗೆ, ಗೇಟಿನಿಂದ ಮೆಟ್ಟಿಲವರೆಗೆ ಸೊಟ್ಟಸೊಟ್ಟಗೆ ಹರಿದಿತ್ತು.

"ಲೇ ಈರಣ್ಣಾ!" ಎಂದರು ಮಾವನವರು. "ಏನೋ ಇದು? ಏನು ಮಾಡಿಟ್ಟೀಯೋ ಅಂಗಳಾನ?"

ನಾನು ಅಭ್ಯಾಸಬಲದಿಂದ ರಹಮತ್‌ಬಿಯವರ ಕಡೆ ತಿರುಗಿದೆ. ಅವರು ಹತ್ತಿ ಹಿಡಿದ ಕೈ ಎತ್ತಿದ್ದು ಎತ್ತಿದಂತೆಯೇ ಕೂತಿದ್ದರು. ತರ್ಜುಮೆ ಬರಲಿಲ್ಲ.

"ಅಲ್ಲೇನ ನೋಡತೀ? ನಿನಗ ಕೇಳಾಕತ್ತೀನಿ!"

"ನೀವು ಹೊಡದ ಗೆರಿ ಮ್ಯಾಲ ಹಚ್ಚೀನ್ರೀ!" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ನನಗ ಕಣ್ಣು ಕಾಣತಿದ್ದಿಲ್ಲೋ ಮಾರಾಯಾ! ನಿನಗೇನಾಗಿತ್ತು?"

"ಕಣ್ಣು ಕಾಣದವ್ರು ಸೀಮಿಸುಣ್ಣ ಯಾಕ ಹಿಡೀಬೇಕು?"

"ಸೊಟ್ಟ ಐತಿ ಅಂತ ಒಂದು ಮಾತು ಹೇಳಬೇಕಿತ್ತು!"

"ಯಾವ ಬಾಯಿಲೆ ಹೇಳ್ಲಿ? ನೀವು ನನ್ನ ಕೂಡ ಮಾತಾಡ್ತಿದ್ರೇನು?"

"ನೀ ಮಾತಾಡ್ತಿದ್ದಿಯೇನು?"

"ಕಿತ್ತು ಹಾಕು ಇದನ್ನ!" ಎಂದು ಮತ್ತೆ ಅವರೇ ಗುಡುಗಿದರು.

"ಕೀಳಂಗಿಲ್ಲ! ನೀರು ಇಳಿಯಂಗಿಲ್ಲ, ಅಷ್ಟ ಸಾಕು!"

"ಇಳೀತೈತಿ!"

"ಸುರುವಿ ನೋಡ್ರಿ!"

ಅವರು ಕೊಡಪಾನ ತಂದರು. ನಾನು ಬೋಗುಣಿ ತಂದೆ. ಇಬ್ಬರೂ ನೀರು ಸುರಿಯುತ್ತ, ಬಗ್ಗಬಾರದೆಂದು ನಾನು ಅವರಿಗೆ ಗದರುತ್ತ, ನನಗೆ ಬುದ್ಧಿ ಹೇಳಲು ನೀನ್ಯಾರೋ ಎಂದು ಅವರು ನನಗೆ ಗದರುತ್ತ, ಅಂಗಳದ ತುಂಬ ಓಡಾಡಿದೆವು.

ಮುಂದಿನದು ನಾನು ಕಂಡದ್ದಲ್ಲ, ರಹಮತ್‌ಬಿ ಆಮೇಲೆ ಹೇಳಿದ್ದು. ಅದೇ ಹೊತ್ತಿಗೆ ಗಿರಿಜಾ ಕುರುಗೋಡಿನ ಬಸ್ಸಿಳಿದು ಬಂದಿದ್ದಳಂತೆ. ಗೇಟಿನ ಹೊರಗೇ ಸದ್ದು ಕೇಳಿ ನಿಂತು, ಗೋಡೆಯ ಮೇಲಿಂದ ರಹಮತ್‌ಬಿಯವರನ್ನು ಮೆಲ್ಲಗೆ ಕೇಳಿದಳಂತೆ:

"ನಮ್ಮಪ್ಪ ಯಾರಿಗೆ ಬೈಯಾಕತ್ತಾನ್ರೀ?"

"ನಿನ್ನ ಗಂಡಗ."

"ನಿಮ್ಮ ಮುಖಾಂತರನ?"

"ಇಲ್ಲವ್ವಾ. ಸೀದಾ."

"ಇವರು?"

"ಇಂವನೂ ಸೀದಾನ ಬೈಯಾಕತ್ತಾನ. ಜೋರೈತಿ. ಹೋಗಿ ಬಿಡಸವ್ವಾ."

ಗಿರಿಜಾ ಬಟ್ಟೆಯ ಚೀಲವನ್ನು ಬೀದಿಯ ನೆರಳಿಗೆ ಇಟ್ಟು ಅದರ ಮೇಲೆ ಕೂತಳಂತೆ. "ಬ್ಯಾಡ, ಆಡ್ಲಿ ಬಿಡ್ರಿ" ಎಂದಳಂತೆ. "ಕುಡ್ಯಾಕ ಒಂದೀಟು ನೀರು ಇದ್ರ ಕೊಡ್ರಿ." ರಹಮತ್‌ಬಿ ನೀರು ತಂದುಕೊಟ್ಟರು. ಒಳಗೆ ಅವಳ ಅಪ್ಪ ನನ್ನನ್ನು ಕತ್ತೆ ಎಂದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಲೋಟ ಬಾಯಿಗಿಟ್ಟು, ನಿಧಾನವಾಗಿ ಕುಡಿಯತೊಡಗಿದಳಂತೆ.